ಓಮ್‌ಸ್ಟೆಡ್ ಅವರ ಇಳಿವಯಸ್ಸಿನ ಪಾಠಶಾಲೆ

ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನ ಚಿತ್ರವನ್ನು ನೋಡದವರು ವಿರಳ. 1858ರಲ್ಲಿ ಕಾಲ್ವರ್ಟ್ ವಾಕ್ಸ್ ಅವರೊಡನೆ ಆ ಉದ್ಯಾನದ ನಕ್ಷೆ ರಚಿಸಿದವರು ಫ್ರೆಡರಿಕ್ ಲಾ ಓಮ್‌ಸ್ಟೆಡ್ (1822–1903). ಅಮೆರಿಕದಲ್ಲಿ ಭೂದೃಶ್ಯ ವಿನ್ಯಾಸವು ಒಂದು ವೃತ್ತಿಯಾಗಿ ಬೇರೂರಿದ್ದು ಬಹುಮಟ್ಟಿಗೆ ಅವರಿಂದಲೇ. ಅವರ ಯೌವನದ ಸಾಧನೆಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಅಭ್ಯಾಸ ಬೋಧನೆಯಲ್ಲಿ ತೊಡಗಿರುವ ನಮಗೆ ಹೆಚ್ಚು ಹತ್ತಿರವಾದದ್ದು ಅವರ ವೃತ್ತಿಜೀವನದ ಕೊನೆಯ ಹನ್ನೆರಡು ವರ್ಷ. ಆ ಅವಧಿಯಲ್ಲಿ ಅವರು ಉದ್ಯಾನಗಳ ಜೊತೆಗೆ ತಮ್ಮ ನಂತರ ಕೆಲಸ ಮುಂದುವರಿಸುವವರನ್ನೂ ಬೆಳೆಸಿದರು.

ಓಮ್‌ಸ್ಟೆಡ್ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ನಾಲ್ಕು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಹಳ್ಳಿಗಳ ಪಾದ್ರಿಗಳ ಮನೆಯಲ್ಲಿ ಅಷ್ಟಿಷ್ಟು ಓದಿದರು. ವಿಷಗಿಡವೊಂದರ ಸೋಂಕಿನಿಂದ ಕಣ್ಣು ಕೆಟ್ಟು ಕಾಲೇಜು ಶಿಕ್ಷಣ ಕೈತಪ್ಪಿತು. ಅಂಗಡಿಯ ಗುಮಾಸ್ತ, ಚೀನಾಕ್ಕೆ ಹೋದ ಹಡಗಿನ ನಾವಿಕ, ರೈತ, ಪತ್ರಿಕಾ ವರದಿಗಾರ, ಹೀಗೆ ಹಲವು ಕೆಲಸ ಮಾಡಿದ ಮೇಲೆ ಮೂವತ್ತೈದನೆಯ ವಯಸ್ಸಿನಲ್ಲಿ ಉದ್ಯಾನದ ಕೆಲಸಕ್ಕೆ ಬಂದರು. ಈ ವಿದ್ಯೆಯನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಕಲಿಸುವಂಥ ಶಾಲೆಯೇ ಆಗ ಅಮೆರಿಕದಲ್ಲಿ ಇರಲಿಲ್ಲ.

1883ರಲ್ಲಿ ಅವರು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಹಳೆಯದೊಂದು ತೋಟದ ಮನೆಯನ್ನು ಕೊಂಡು ಅದಕ್ಕೆ ಫೇರ್‌ಸ್ಟೆಡ್ ಎಂದು ಹೆಸರಿಟ್ಟರು. ವಾಸವೂ ಕಚೇರಿಯೂ ಅಲ್ಲಿಯೇ. ಆಗ ಅವರಿಗೆ ಅರವತ್ತೊಂದು ವರ್ಷ. ಬಾಸ್ಟನ್ನಿನ ಉದ್ಯಾನಮಾಲೆಯ ಕೆಲಸ ನಡೆಯುತ್ತಿತ್ತು. ಕೊಳಚೆ ನೀರೂ ಸಮುದ್ರದ ಉಬ್ಬರವೂ ಸೇರಿ ನಾರುತ್ತಿದ್ದ ಜೌಗು ಪ್ರದೇಶವನ್ನು, ಪ್ರವಾಹ ತಡೆಯುವ ಏರ್ಪಾಟಿನೊಂದಿಗೆ, ಸಹಜವಾದ ಜವುಳು ಹುಲ್ಲುಗಾವಲಿನಂತೆ ಕಾಣುವ ಹಾಗೆ ಅವರು ರೂಪಿಸುತ್ತಿದ್ದರು.

ಆ ಮನೆಗೆ ಯುವಕರು ಕಲಿಯಲು ಬಂದರು. 1883ರಲ್ಲಿ ಚಾರ್ಲ್ಸ್ ಎಲಿಯಟ್ ಬಂದರು. ನಂತರ ಹೆನ್ರಿ ಸಾರ್ಜೆಂಟ್ ಕಾಡ್‌ಮನ್ ಬಂದರು. ತೀರಿಹೋದ ತಮ್ಮನ ಮಗನೂ ತಮ್ಮ ಸಾಕುಮಗನೂ ಆದ ಜಾನ್ ಚಾರ್ಲ್ಸ್ ಅದಾಗಲೇ ಕಚೇರಿಯಲ್ಲಿದ್ದರು. ಪಠ್ಯಪುಸ್ತಕವಾಗಲಿ ವೇಳಾಪಟ್ಟಿಯಾಗಲಿ ಇರಲಿಲ್ಲ. ಅವರು ನಕ್ಷೆ ತಿದ್ದಬೇಕು, ಗುರುಗಳ ಜೊತೆ ಸ್ಥಳಕ್ಕೆ ಹೋಗಬೇಕು, ನೆಲದ ಏರಿಳಿತ ನೋಡಬೇಕು, ನೀರು ಯಾವ ಕಡೆಗೆ ಹರಿಯುತ್ತದೆಂದು ಗಮನಿಸಬೇಕು. ಎಲಿಯಟ್ ಎರಡು ವರ್ಷ ಕಲಿತ ಬಳಿಕ ಯುರೋಪಿನ ಉದ್ಯಾನಗಳನ್ನು ಕಣ್ಣಾರೆ ನೋಡಿಬಂದರು. ಕೆಲಸ, ವೀಕ್ಷಣೆ, ಮತ್ತೆ ಕೆಲಸ ಎಂಬ ಈ ಕ್ರಮ ನಮ್ಮ ಪ್ರಶಿಕ್ಷಣದ ಕ್ರಮಕ್ಕಿಂತ ಬಹಳ ದೂರವಿಲ್ಲ.

ಕಲಿಸುವುದು ಅವರಿಗೆ ಅನಿವಾರ್ಯವೂ ಆಗಿತ್ತು. ಕಟ್ಟಡವನ್ನು ಕಟ್ಟಿದವನು ಅದು ಮುಗಿದದ್ದನ್ನು ನೋಡಬಲ್ಲ. ಸಸಿ ನೆಟ್ಟವನಿಗೆ ಆ ಭಾಗ್ಯ ಖಚಿತವಿಲ್ಲ. ಉದ್ಯಾನದ ಮರಗಳು ಅಂದುಕೊಂಡ ರೂಪಕ್ಕೆ ಬರಲು ಮೂವತ್ತು ನಲವತ್ತು ವರ್ಷ ಬೇಕು. ಅಷ್ಟು ಕಾಲ ಉದ್ದೇಶವನ್ನು ನೆನಪಿಟ್ಟು ಕಾಯುವವರು ಇಲ್ಲದಿದ್ದರೆ ನಕ್ಷೆ ಕಾಗದದ ಮೇಲೆಯೇ ಉಳಿಯುತ್ತದೆ.

1890ರಲ್ಲಿ ಷಿಕಾಗೋ ವಿಶ್ವಪ್ರದರ್ಶನದ ಕೆಲಸ ಬಂತು. ಮಿಷಿಗನ್ ಸರೋವರದ ದಂಡೆಯ ಜೌಗು ಮರಳುನೆಲದಲ್ಲಿ ಹೂಳೆತ್ತಿ, ಅದೇ ಮಣ್ಣಿನಿಂದ ದಿಬ್ಬಗಳನ್ನು ಎತ್ತರಿಸಿ, ನಡುವೆ ನೀರಿನ ಹರವು ಮತ್ತು ಮರಗಳ ದ್ವೀಪವನ್ನು ರೂಪಿಸುವ ಯೋಜನೆ ಅದು. ಓಮ್‌ಸ್ಟೆಡ್ ಅವರಿಗೆ ನಿದ್ರಾಹೀನತೆ ಕಾಡುತ್ತಿತ್ತು. 1892ರಲ್ಲಿ ಯುರೋಪಿಗೆ ಹೋದವರು ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದರು. ಷಿಕಾಗೋದ ಹೊಣೆಯ ಹೆಚ್ಚಿನ ಪಾಲನ್ನು ಕಾಡ್‌ಮನ್ ಹೊತ್ತಿದ್ದರು. 1893ರ ಜನವರಿಯಲ್ಲಿ, ಪ್ರದರ್ಶನ ತೆರೆಯಲು ನಾಲ್ಕು ತಿಂಗಳು ಇರುವಾಗ, ಕರುಳುಬಾಲದ ಶಸ್ತ್ರಚಿಕಿತ್ಸೆಯ ನಂತರ ಕಾಡ್‌ಮನ್ ತೀರಿಕೊಂಡರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಎಪ್ಪತ್ತರ ಓಮ್‌ಸ್ಟೆಡ್ ತಾವೇ ಮತ್ತೆ ಕೆಸರಿಗೆ ಇಳಿಯಬೇಕಾಯಿತು. ಅದೇ ವರ್ಷ ಎಲಿಯಟ್ ಅವರನ್ನು ಪಾಲುದಾರರಾಗಿ ಸೇರಿಸಿಕೊಂಡರು.

ಇದರ ಜೊತೆಯಲ್ಲಿಯೇ ಉತ್ತರ ಕೆರೊಲಿನಾದ ಬಿಲ್ಟ್‌ಮೋರ್ ಎಸ್ಟೇಟಿನ ಕೆಲಸ 1888ರಿಂದ ನಡೆದಿತ್ತು. ಕಡಿದು, ಸುಟ್ಟು ಬಡವಾಗಿದ್ದ ಗುಡ್ಡಗಾಡು ಅದು. ಅಷ್ಟನ್ನೂ ಅಲಂಕಾರದ ತೋಟ ಮಾಡುವುದು ಬೇಡ, ಮನೆಯ ಸುತ್ತ ಮಾತ್ರ ತೋಟವಿರಲಿ, ಹೊಳೆದಂಡೆಯಲ್ಲಿ ಬೇಸಾಯ ನಡೆಯಲಿ, ಉಳಿದದ್ದು ಕಾಡಾಗಲಿ ಎಂದು ಅವರು ಮಾಲೀಕ ಜಾರ್ಜ್ ವ್ಯಾಂಡರ್‌ಬಿಲ್ಟ್ ಅವರಿಗೆ ಸಲಹೆಯಿತ್ತರು. ಆ ಕಾಡನ್ನು ನೋಡಿಕೊಳ್ಳಲು 1892ರಲ್ಲಿ ಬಂದ ತರುಣ ಗಿಫರ್ಡ್ ಪಿಂಚಟ್ ಮುಂದೆ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದರು.

ಬಿಲ್ಟ್‌ಮೋರ್ ಓಮ್‌ಸ್ಟೆಡ್ ಅವರ ಮಗನಿಗೂ ಪಾಠಶಾಲೆಯಾಯಿತು. 1870ರಲ್ಲಿ ಹುಟ್ಟಿದ ಆ ಮಗನಿಗೆ ಮೊದಲು ಇಟ್ಟಿದ್ದು ಹೆನ್ರಿ ಎಂಬ ಹೆಸರು. ತಂದೆ ಅದನ್ನು ಬಾಲ್ಯದಲ್ಲಿಯೇ ಬದಲಿಸಿ ತಮ್ಮದೇ ಹೆಸರನ್ನು ಕೊಟ್ಟಿದ್ದರು. 1894ರಲ್ಲಿ ಹಾರ್ವರ್ಡ್ ಪದವಿ ಮುಗಿಸಿದ ಮೇಲೆ ಅವನನ್ನು ಬಿಲ್ಟ್‌ಮೋರಿಗೆ ಕಳಿಸಿದರು. ಅಲ್ಲಿನ ಸಸ್ಯಕ್ಷೇತ್ರದಲ್ಲಿ ಗಿಡಗಳ ಹೆಸರು, ಗುಣ, ಬೆಳೆಯುವ ರೀತಿಯನ್ನು ಚೆನ್ನಾಗಿ ಕಲಿಯಬೇಕೆಂದು ಉದ್ದುದ್ದ ಪತ್ರ ಬರೆದರು. ಸಸ್ಯಜ್ಞಾನದಲ್ಲಿ ತಾವು ದುರ್ಬಲರೆಂಬ ಅಳುಕು ಅವರಿಗೆ ಕೊನೆಯವರೆಗೂ ಇತ್ತು. ತಮ್ಮ ಕೊರತೆಯನ್ನು ಮುಚ್ಚಿಡದೆ ಶಿಷ್ಯನ ಮುಂದಿಟ್ಟು, ಅವನಾದರೂ ಅದನ್ನು ತುಂಬಿಕೊಳ್ಳಲಿ ಎಂದು ಬಯಸಿದ್ದು ಅವರ ದೊಡ್ಡತನ. ಅದೇ ಪತ್ರಗಳು ಮಗನ ಮೇಲೆ ಭಾರ ಹೇರಿದವೆಂಬುದೂ ನಿಜ. ಅವನಿಗೆ ಬೇರೆ ದಾರಿ ಹುಡುಕುವ ಅವಕಾಶವನ್ನು ತಂದೆ ಉಳಿಸಿರಲಿಲ್ಲ.

1895ರ ವಸಂತದಲ್ಲಿ ಬಿಲ್ಟ್‌ಮೋರಿನಲ್ಲಿದ್ದಾಗ ಓಮ್‌ಸ್ಟೆಡ್ ಅವರಿಗೆ ತಮ್ಮ ನೆನಪು ಕೈಕೊಡುತ್ತಿರುವುದು ಅರಿವಾಯಿತು. ಇತ್ತೀಚಿನ ಸಂಗತಿಗಳೇ ಮರೆಯುತ್ತಿದ್ದವು. ತಮ್ಮ ನೆನಪನ್ನು ನಂಬಬೇಡವೆಂದು ಅವರೇ ಜಾನ್ ಚಾರ್ಲ್ಸ್‌ಗೆ ಬರೆದು ತಿಳಿಸಿದರು. ಪ್ರಸಿದ್ಧ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅಲ್ಲಿ ಅವರ ಭಾವಚಿತ್ರ ಬರೆದದ್ದು ಅದೇ ಸಮಯದಲ್ಲಿ. ಹೂಬಿಟ್ಟ ಕಾಡುಗಿಡಗಳ ನಡುವೆ ಕೋಲೂರಿ ನಿಂತ ಮುದುಕನ ಚಿತ್ರ ಅದು. ಆ ವರ್ಷವೇ ಅವರು ಕೆಲಸದಿಂದ ಹಿಂದೆ ಸರಿದರು.

1897ರಲ್ಲಿ ಎಲಿಯಟ್ ಕೂಡ ಮೂವತ್ತೇಳನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಉರಿಯೂತದಿಂದ ಮಡಿದರು. 1898ರಲ್ಲಿ ಓಮ್‌ಸ್ಟೆಡ್ ಅವರನ್ನು ಮೆಕ್ಲೀನ್ ಆಸ್ಪತ್ರೆಗೆ ಸೇರಿಸಲಾಯಿತು. ಆ ಆಸ್ಪತ್ರೆಯ ನಿವೇಶನದ ಬಗ್ಗೆ ಹಿಂದೆ ಸಲಹೆ ಕೊಟ್ಟವರಲ್ಲಿ ಅವರೂ ಒಬ್ಬರು. 1903ರ ಆಗಸ್ಟ್ 28ರಂದು ಅಲ್ಲಿಯೇ ಕೊನೆಯುಸಿರೆಳೆದರು.

ಗುರು ಮರೆತರೂ ಕೆಲಸ ನಿಲ್ಲಲಿಲ್ಲ. 1899ರಲ್ಲಿ ಅಮೆರಿಕದ ಭೂದೃಶ್ಯ ವಿನ್ಯಾಸಕರ ಸಂಘ ಸ್ಥಾಪನೆಯಾದಾಗ ಜಾನ್ ಚಾರ್ಲ್ಸ್ ಅದರ ಮೊದಲ ಅಧ್ಯಕ್ಷರಾದರು. 1900ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಈ ವಿಷಯದ ಬೋಧನೆ ಆರಂಭಿಸಿದಾಗ ಪಾಠ ಹೇಳಲು ನಿಂತವರು ಕಿರಿಯ ಫ್ರೆಡರಿಕ್. ಕಾಲೇಜು ಮೆಟ್ಟಿಲು ಸರಿಯಾಗಿ ಹತ್ತದ ತಂದೆಯ ಮನೆಯಂಗಳದ ವಿದ್ಯೆ ಹೀಗೆ ತರಗತಿಯನ್ನು ಪ್ರವೇಶಿಸಿತು.

ಅಭ್ಯಾಸ ಬೋಧನೆಯ ವಾರಗಳಲ್ಲಿ ನಾವು ಪಾಠ ಹೇಳಿದ ಮಕ್ಕಳು ಮುಂದೆ ಏನಾದರೆಂದು ನಮಗೆ ತಿಳಿಯುವುದು ಅಪರೂಪ. ಓಮ್‌ಸ್ಟೆಡ್ ಅವರಿಗೂ ತಾವು ನೆಟ್ಟ ಬಹಳಷ್ಟು ಮರಗಳ ನೆರಳು ಸಿಗಲಿಲ್ಲ. ಆದರೂ ಗೊತ್ತಿರುವುದನ್ನು ಗೊತ್ತಿರುವಾಗಲೇ ಇನ್ನೊಬ್ಬರಿಗೆ ದಾಟಿಸಬೇಕು, ತನಗೆ ಬಾರದ್ದನ್ನು ಬಾರದೆಂದು ಒಪ್ಪಿಕೊಳ್ಳಬೇಕು ಎಂಬುದನ್ನು ಅವರು ನಡೆದು ತೋರಿಸಿದರು. ಕಲಿಯುವವನಿಗೆ ಅವನದೇ ಹೆಸರನ್ನು ಉಳಿಸಿಕೊಡುವುದನ್ನು ಮಾತ್ರ ನಾವು ಅವರಿಗಿಂತ ಚೆನ್ನಾಗಿ ಮಾಡಬಹುದು.