ಅರಸರ ಕುದುರೆ, ಗಣಕದ ಪಾಠ

ಮೈಸೂರಿನ ಕಾಲೇಜುಗಳಲ್ಲಿ ಅಲ್ಗಾರಿದಂ ವಿನ್ಯಾಸ ಕಲಿಸುವಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ನೆನೆಯಬೇಕೆಂಬುದು ನನ್ನ ವಾದ.

1794ರಲ್ಲಿ ಜನಿಸಿ, ಐದು ತುಂಬುವ ಮುನ್ನವೇ ಪಟ್ಟವೇರಿದ ಅವರಿಂದ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಅಧಿಕಾರ ಹೋದರೂ ಬುದ್ಧಿ ಸುಮ್ಮನಿರಲಿಲ್ಲ. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳನ್ನು ಸಂಕಲಿಸಿದರು. ಚದುರಂಗದ 64 ಮನೆಗಳನ್ನೂ ಕುದುರೆಯು ಒಂದೊಂದೇ ಬಾರಿ ಮುಟ್ಟುವ ಹಾದಿಗಳನ್ನು ರಚಿಸಿದರು.

ಹೊರಟಲ್ಲಿಗೇ ಮರಳಬಲ್ಲ ಅಂಥ ಹಾದಿಗಳೇ 13 ಲಕ್ಷ ಕೋಟಿಗೂ ಹೆಚ್ಚು. ಕುರುಡಾಗಿ ಹುಡುಕಹೊರಟರೆ ಗಣಕವೂ ಬಳಲುತ್ತದೆ. ಮುಂದೆ ಅತಿ ಕಡಿಮೆ ದಾರಿಗಳುಳ್ಳ ಮನೆಗೇ ಮೊದಲು ಸಾಗಬೇಕೆಂಬ, ವಾರ್ನ್ಸ್‌ಡಾರ್ಫ್ 1823ರಲ್ಲಿ ಸೂಚಿಸಿದ ಸೂತ್ರ ಆ ಶ್ರಮವನ್ನು ತಗ್ಗಿಸುತ್ತದೆ.

ಗಣಕವಿಲ್ಲದೆಯೇ ಹಾದಿ ಕಂಡ ಅರಸರು 1868ರಲ್ಲಿ ಗತಿಸಿದರು. ಪಾಠದ ನಡುವೆ ಅವರ ಹೆಸರು ಬಂದರೆ, ಈ ವಿದ್ಯೆ ಪೂರ್ತಿ ಪರರದೆಂಬ ಅಳುಕು ನಮ್ಮ ವಿದ್ಯಾರ್ಥಿಗಳನ್ನು ಕಾಡದು.