ಖಾಲಿ ಮನೆ ಬಿಟ್ಟ ಮೇಷ್ಟ್ರು

ಹತ್ತನೇ ತರಗತಿಯಲ್ಲಿ ಒಮ್ಮೆ, ಪಿಯುಸಿಯಲ್ಲಿ ಮತ್ತೊಮ್ಮೆ, ಸಿಇಟಿಗಾಗಿ ಮಗದೊಮ್ಮೆ ಆವರ್ತ ಕೋಷ್ಟಕವನ್ನು ಬಾಯಿಪಾಠ ಮಾಡುತ್ತೇವೆ. ಬಿಇ ಮೊದಲ ವರ್ಷದ ಕೆಮಿಸ್ಟ್ರಿ ಪೇಪರ್ ಮುಗಿದ ದಿನ ಅದಕ್ಕೊಂದು ದೊಡ್ಡ ನಮಸ್ಕಾರ ಹಾಕುತ್ತೇವೆ. ಆದರೆ ಎಲೆಕ್ಟ್ರಾನಿಕ್ಸ್ ಓದುವ ನನ್ನಂಥವರಿಗೆ ಅದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಿಲಿಕಾನ್ ಡಯೋಡ್ 0.7 ವೋಲ್ಟ್, ಜರ್ಮೇನಿಯಂ ಡಯೋಡ್ 0.3 ವೋಲ್ಟ್ ಎಂದು ರೆಕಾರ್ಡ್‌ನಲ್ಲಿ ಬರೆಯುವಾಗ ನನಗೆ ಒಬ್ಬ ಗಡ್ಡದ ಮೇಷ್ಟ್ರು ನೆನಪಾಗುತ್ತಾರೆ. ಜರ್ಮೇನಿಯಂ ಅನ್ನು ಭೂಮಿಯ ಮೇಲೆ ಯಾರೂ ಕಂಡಿರದಿದ್ದ ಕಾಲದಲ್ಲೇ ಅದರ ತೂಕ, ಸಾಂದ್ರತೆಗಳನ್ನು ಬರೆದಿಟ್ಟವರು ಅವರು. ಹೆಸರು ಡಿಮಿಟ್ರಿ ಮೆಂಡಲೀವ್.

ಹುಟ್ಟಿದ್ದು 1834ರ ಫೆಬ್ರುವರಿಯಲ್ಲಿ, ಸೈಬೀರಿಯಾದ ತೊಬೋಲ್ಸ್ಕ್‌ನಲ್ಲಿ. ದೊಡ್ಡ ಸಂಸಾರದ ಕೊನೆಯ ಕೂಸು. ಶಾಲೆಯ ಮುಖ್ಯಸ್ಥನಾಗಿದ್ದ ಅಪ್ಪನಿಗೆ ಅದೇ ವರ್ಷ ಕಣ್ಣು ಹೋಯಿತು. ಅಮ್ಮ ಮರಿಯಾ ತನ್ನ ತವರಿನವರ ಗಾಜಿನ ಕಾರ್ಖಾನೆ ನಡೆಸಿ ಮನೆ ತೂಗಿಸಿದಳು. 1847ರಲ್ಲಿ ಅಪ್ಪ ತೀರಿಹೋದ, ಮರುವರ್ಷ ಕಾರ್ಖಾನೆ ಸುಟ್ಟುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಹುಡುಗನನ್ನು ದುಡಿಯಲು ಹಚ್ಚುತ್ತಿದ್ದರು. ಆಕೆ 15 ವರ್ಷದ ಮಗನನ್ನೂ ಒಬ್ಬ ಮಗಳನ್ನೂ ಕರೆದುಕೊಂಡು ಸುಮಾರು 2,000 ಕಿಲೋಮೀಟರ್ ದೂರದ ಮಾಸ್ಕೋಗೆ ಹೊರಟಳು. ಆ ದಾರಿಯಲ್ಲಿ ಆಗ ರೈಲೇ ಇರಲಿಲ್ಲ. ಮಾಸ್ಕೋ ವಿಶ್ವವಿದ್ಯಾಲಯ ಸೇರಿಸಿಕೊಳ್ಳಲಿಲ್ಲ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌. 1850ರಲ್ಲಿ ಅಲ್ಲಿನ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಸೀಟು ಸಿಕ್ಕಿತು. ಅದೇ ವರ್ಷ ಅಮ್ಮ ಕಣ್ಣುಮುಚ್ಚಿದಳು. 37 ವರ್ಷಗಳ ನಂತರ ದ್ರಾವಣಗಳ ಕುರಿತ ತನ್ನ ಗ್ರಂಥವನ್ನು ಮಗ ಅವಳಿಗೇ ಅರ್ಪಿಸಿದ.

ಆವರ್ತ ಕೋಷ್ಟಕ ಹುಟ್ಟಿದ್ದು ಪಾಠ ಮಾಡುವ ತೊಂದರೆಯಿಂದ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 1867ರಲ್ಲಿ ಪ್ರಾಧ್ಯಾಪಕರಾದ ಮೆಂಡಲೀವ್ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪಠ್ಯಪುಸ್ತಕ ಬರೆಯಲು ಕುಳಿತರು. ಮೊದಲ ಸಂಪುಟ ಮುಗಿದಾಗ ಬೆರಳೆಣಿಕೆಯ ಧಾತುಗಳ ಕಥೆಯಷ್ಟೇ ಆಗಿತ್ತು. ಆಗ ಗೊತ್ತಿದ್ದ ಧಾತುಗಳು 63. ಉಳಿದವನ್ನೆಲ್ಲ ಎರಡನೇ ಸಂಪುಟದಲ್ಲಿ ಯಾವ ಕ್ರಮದಲ್ಲಿ ತುಂಬುವುದು? ಹ್ಯಾಲೊಜನ್‌ಗಳ ಪಕ್ಕ ಕ್ಷಾರಲೋಹಗಳನ್ನಿಟ್ಟು ಪರಮಾಣು ತೂಕಗಳನ್ನು ನೋಡಿದರು. ಫ್ಲೋರಿನ್ 19, ಸೋಡಿಯಂ 23. ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಗುಣದಲ್ಲಿ ಎಣ್ಣೆ-ಸೀಗೆಕಾಯಿ, ತೂಕದಲ್ಲಿ ಮಾತ್ರ ಅಕ್ಕಪಕ್ಕದ ಮನೆಯವರು!

ತೂಕ ಏರುತ್ತಾ ಹೋದಂತೆ ಗುಣಗಳು ನಿಧಾನವಾಗಿ ಬದಲಾಗಿ, ಒಂದು ಹಂತದಲ್ಲಿ ತಟ್ಟನೆ ಮೊದಲಿನಂತಾಗುತ್ತವೆ. ಸ-ರಿ-ಗ-ಮ ಹಾಡುತ್ತಾ ಹೋಗಿ ಮೇಲಿನ ಸ ಮುಟ್ಟಿದ ಹಾಗೆ. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ 1865ರಲ್ಲೇ ಸ್ವರಗಳ ಹೋಲಿಕೆ ಕೊಟ್ಟಿದ್ದ, ವಿದ್ವಾಂಸರು ನಕ್ಕಿದ್ದರು. ಜರ್ಮನಿಯ ಲೋಥರ್ ಮೇಯರ್ ಕೂಡ ಹತ್ತಿರ ಬಂದಿದ್ದ. 1869ರ ಮಾರ್ಚ್ 1ರಂದು ಮೆಂಡಲೀವ್ ತಮ್ಮ ಕೋಷ್ಟಕ ಬರೆದರು. ಅದು ಅವರಿಗೆ ಕನಸಿನಲ್ಲಿ ಕಂಡಿತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಉಳಿದಿರುವ ಕರಡು ಪ್ರತಿಯ ತುಂಬ ಹೊಡೆದುಹಾಕಿ ಮತ್ತೆ ಬರೆದ ಸಂಖ್ಯೆಗಳಿವೆ. ನಿದ್ದೆಯಲ್ಲಿ ಯಾರೂ ಅಷ್ಟು ಚಿತ್ತು ಮಾಡುವುದಿಲ್ಲ.

ಉಳಿದವರಿಗೂ ಅವರಿಗೂ ಇದ್ದ ವ್ಯತ್ಯಾಸ ಧೈರ್ಯದ್ದು. ಸಾಲು ಹೊಂದದ ಕಡೆ ಅವರು ಮನೆಯನ್ನೇ ಖಾಲಿ ಬಿಟ್ಟರು, ಇಲ್ಲಿ ಬರಬೇಕಾದವನು ಇನ್ನೂ ಸಿಕ್ಕಿಲ್ಲ ಎಂದರು. ಆ ಖಾಲಿ ಮನೆಗಳಿಗಿಟ್ಟ ಹೆಸರು ಕನ್ನಡದ ಮಕ್ಕಳಿಗೂ ಅರ್ಥವಾಗುತ್ತದೆ: ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಸಂಸ್ಕೃತದ ಏಕ, ಅಂದರೆ ಒಂದು ಮನೆ ಮುಂದೆ. ಏಕ-ಸಿಲಿಕಾನ್‌ನ ಜಾತಕವನ್ನು ನೆರೆಹೊರೆಯವರಿಂದಲೇ ಲೆಕ್ಕ ಹಾಕಬಹುದಿತ್ತು. ಮೇಲೆ ಸಿಲಿಕಾನ್ 28, ಕೆಳಗೆ ತವರ 118, ಪಕ್ಕದಲ್ಲಿ ಆರ್ಸೆನಿಕ್ 75. ಅವರು 1871ರಲ್ಲಿ ಹೇಳಿದ್ದು ತೂಕ 72, ಸಾಂದ್ರತೆ 5.5. ಜರ್ಮನಿಯ ವಿಂಕ್ಲರ್ 1886ರಲ್ಲಿ ಕಂಡುಹಿಡಿದ ಜರ್ಮೇನಿಯಂನ ತೂಕ ಇಂದಿನ ಪುಸ್ತಕಗಳಲ್ಲಿ 72.6, ಸಾಂದ್ರತೆ 5.3.

ಗ್ಯಾಲಿಯಂ ಕಥೆ ಇನ್ನೂ ಸ್ವಾರಸ್ಯ. 1875ರಲ್ಲಿ ಫ್ರಾನ್ಸಿನ ಬುವಾಬೊದ್ರಾನ್ ಅದನ್ನು ಕಂಡುಹಿಡಿದು ಸಾಂದ್ರತೆ 4.7 ಎಂದ. ಆ ಲೋಹವನ್ನು ನೋಡಿಯೇ ಇರದ ಮೆಂಡಲೀವ್, ಅದು 5.9ರ ಆಸುಪಾಸಿನಲ್ಲಿರಬೇಕು, ಮತ್ತೊಮ್ಮೆ ಅಳೆಯಿರಿ ಎಂದು ತಿಳಿಸಿದರು. ಶುದ್ಧಗೊಳಿಸಿ ಅಳೆದಾಗ ಬಂದದ್ದು 5.9! ಅದು ಬೇಗ ಕರಗುತ್ತದೆ ಎಂದೂ ಹೇಳಿದ್ದರು. ಗ್ಯಾಲಿಯಂ ಕರಗುವುದು 29.8 ಡಿಗ್ರಿಯಲ್ಲಿ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಡಬ್ಬಿಯಲ್ಲಿಟ್ಟರೆ ತಾನಾಗಿಯೇ ನೀರಾಗುತ್ತದೆ.

ಅವರಿಗೆ ಎಲೆಕ್ಟ್ರಾನ್ ಗೊತ್ತಿರಲಿಲ್ಲ. ಕಂಬಸಾಲಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಎಲೆಕ್ಟ್ರಾನ್‌ಗಳ ಮೇಲೆ ನ್ಯೂಕ್ಲಿಯಸ್‌ನ ಹಿಡಿತ ಸಡಿಲವಾಗುತ್ತದೆ ಎಂದು ನಾವೀಗ ಓದುತ್ತೇವೆ. ಇಂಗಾಲದ ಸಾಲನ್ನೇ ನೋಡಿ. ವಜ್ರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಬಿಡಿಸಿಕೊಳ್ಳಲು 1.1 ಎಲೆಕ್ಟ್ರಾನ್‌ವೋಲ್ಟ್ ಬೇಕು, ಜರ್ಮೇನಿಯಂನಲ್ಲಿ 0.67 ಸಾಕು. ಇನ್ನೂ ಕೆಳಗಿನ ಸೀಸ ಅಪ್ಪಟ ಲೋಹ. ನಮ್ಮ ಡಯೋಡ್‌ಗಳ 0.7, 0.3 ಇದೇ ಇಳಿಜಾರಿನ ಮೇಲಿವೆ.

ಎಡವಿದ್ದೂ ಉಂಟು. ಗುಣ ನೋಡಿ ಟೆಲ್ಯೂರಿಯಂ ಅನ್ನು ಅಯೋಡಿನ್‌ಗಿಂತ ಮುಂಚೆ ಇಟ್ಟರು, ತೂಕ ಮಾತ್ರ ತಿರುಗುಮುರುಗಾಗಿತ್ತು. ತೂಕವನ್ನೇ ತಪ್ಪಾಗಿ ಅಳೆದಿದ್ದಾರೆ ಎಂದುಕೊಂಡರು. ತೂಕ ಸರಿಯಾಗಿಯೇ ಇತ್ತು. ಕ್ರಮ ನಿಂತಿರುವುದು ಪರಮಾಣು ಸಂಖ್ಯೆಯ ಮೇಲೆ ಎಂದು 1913ರಲ್ಲಿ ಕ್ಷಕಿರಣಗಳಿಂದ ತೋರಿಸಿದವನು ಮೋಸ್ಲಿ. ಎರಡೇ ವರ್ಷಕ್ಕೆ, 27ರ ಹರೆಯದಲ್ಲಿ, ಅವನು ಗ್ಯಾಲಿಪೋಲಿ ಯುದ್ಧದಲ್ಲಿ ಸತ್ತ. 1894ರಲ್ಲಿ ಆರ್ಗಾನ್ ಸಿಕ್ಕಾಗಲೂ ಮೆಂಡಲೀವ್ ಒಪ್ಪಲು ತಡಮಾಡಿದರು. ಅದರ ತೂಕ ಪೊಟ್ಯಾಸಿಯಂಗಿಂತ ಹೆಚ್ಚು! ಆಮೇಲೆ ಹ್ಯಾಲೊಜನ್, ಕ್ಷಾರಲೋಹಗಳ ನಡುವೆ ಹೊಸ ಕಂಬಸಾಲಿಗೇ ಜಾಗ ಕೊಟ್ಟರು.

ಬಾಯಿ ಬಿಗಿಹಿಡಿಯುವ ಜನ ಅಲ್ಲ. 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಅವರಿಗೆ ಸದಸ್ಯತ್ವ ನಿರಾಕರಿಸಿತು. 1890ರಲ್ಲಿ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳು ತಮ್ಮ ಮನವಿಪತ್ರವನ್ನು ಶಿಕ್ಷಣ ಮಂತ್ರಿಗೆ ಯಾರು ತಲುಪಿಸುತ್ತಾರೆ ಎಂದು ನೋಡುತ್ತಿದ್ದಾಗ ಅದನ್ನು ಕೈಗೆತ್ತಿಕೊಂಡವರು 56 ವರ್ಷದ ಈ ಮೇಷ್ಟ್ರು. ಸರ್ಕಾರಿ ನೌಕರ ಇಂಥ ಕಾಗದ ಮುಟ್ಟುವಂತಿಲ್ಲ ಎಂದು ಮಂತ್ರಿ ಅದನ್ನು ಹಿಂದಿರುಗಿಸಿದ. ಮೆಂಡಲೀವ್ ರಾಜೀನಾಮೆ ಕೊಟ್ಟು ಹೊರಬಂದರು. ಎಂದೂ ನೋಡದ ಲೋಹಕ್ಕೆ ಮನೆ ಕಾದಿರಿಸಿದ್ದಕ್ಕಿಂತ ಇದೇ ದೊಡ್ಡದೆಂದು ನನಗನ್ನಿಸುತ್ತದೆ. 1893ರಿಂದ ದೇಶದ ತೂಕ ಮತ್ತು ಅಳತೆ ಸಂಸ್ಥೆಯ ಮುಖ್ಯಸ್ಥರಾಗಿ ಕೊನೆಯವರೆಗೂ ದುಡಿದರು.

1906ರ ನೊಬೆಲ್ ಕೂದಲೆಳೆಯಲ್ಲಿ ತಪ್ಪಿ ಫ್ರಾನ್ಸಿನ ಮುವಾಸಾನ್‌ಗೆ ಹೋಯಿತು. ಮರುವರ್ಷ ಫೆಬ್ರುವರಿ 2ರಂದು ಮೆಂಡಲೀವ್ ತೀರಿಕೊಂಡರು. 1955ರಲ್ಲಿ, ಅಮೆರಿಕ-ರಷ್ಯಾ ಶೀತಲ ಸಮರದ ನಡುವೆಯೇ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 101ನೇ ಧಾತುವನ್ನು ತಯಾರಿಸಿದ ವಿಜ್ಞಾನಿಗಳು ಅದಕ್ಕೆ ಮೆಂಡಲೀವಿಯಂ ಎಂದು ಹೆಸರಿಟ್ಟರು. ಮೊದಲ ಸಲ ಅವರ ಕೈಗೆ ಸಿಕ್ಕಿದ್ದು ಒಟ್ಟು 17 ಪರಮಾಣುಗಳು.