ಗ್ರಂಥಪ್ರೇಮಿ ಟಿಪ್ಪು ಸುಲ್ತಾನ್

ಮೈಸೂರು ಹುಲಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಖಡ್ಗ, ಕುದುರೆ ಮತ್ತು ರಣರಂಗ. ಆದರೆ ಟಿಪ್ಪು ಸುಲ್ತಾನ್ ಅವರ ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳ ಗ್ರಂಥಾಲಯವೂ ಇತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ನಮ್ಮ ಊರಿನ ಪಕ್ಕದ ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನಿಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರ್ ಅಲಿಯವರಿಗೆ ಓದು ಬರಹ ಬರುತ್ತಿರಲಿಲ್ಲ. ತನಗೆ ಸಿಗದ ವಿದ್ಯೆ ಮಗನಿಗೆ ಸಿಗಲಿ ಎಂದು ಅವರು ಒಳ್ಳೆಯ ಉಸ್ತಾದರನ್ನು ನೇಮಿಸಿದರು. ಟಿಪ್ಪು ಫಾರಸಿ, ಅರಬಿ, ಕನ್ನಡಗಳನ್ನು ಕಲಿತರು. ಕುದುರೆ ಸವಾರಿ, ಶಸ್ತ್ರವಿದ್ಯೆಗಳೂ ಜೊತೆಗೇ ಸಾಗಿದವು.

ಅದೇ ಕಾಲದಲ್ಲಿ ದೂರದ ಅಮೆರಿಕದ ಜನರೂ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಸೈನ್ಯವನ್ನು ಸೋಲಿಸಿದರು. ಮೈಸೂರಿನ ಹೆಸರು ಸಮುದ್ರ ದಾಟಿತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರ್ ಅಲಿ ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಫಿಲಿಪ್ ಫ್ರೆನೊ ಎಂಬ ಅಮೆರಿಕನ್ ಕವಿ ಅದರ ಮೇಲೆ ಪದ್ಯ ಬರೆದರು. ಅದೇ ವರ್ಷ ಡಿಸೆಂಬರ್ 7ರಂದು ಹೈದರ್ ಅಲಿ ತೀರಿಕೊಂಡರು; ರಾಜ್ಯದ ಹೊಣೆ ಟಿಪ್ಪುವಿನ ಹೆಗಲಿಗೆ ಬಂತು.

ಅಮೆರಿಕ ಗೆದ್ದಿತು. ಆದರೆ ಆ ಗೆಲುವಿನಿಂದ ಮೈಸೂರಿಗೆ ನಷ್ಟವೇ ಆಯಿತು. 1783ರಲ್ಲಿ ಇಂಗ್ಲಿಷರೂ ಫ್ರೆಂಚರೂ ಯುರೋಪಿನಲ್ಲಿ ರಾಜಿಯಾದ ಕೂಡಲೇ ಇಲ್ಲಿನ ಫ್ರೆಂಚ್ ಸೈನಿಕರು ಯುದ್ಧ ನಿಲ್ಲಿಸಿದರು. ಟಿಪ್ಪು ಒಬ್ಬರೇ ಉಳಿದರೂ ಎದೆಗುಂದಲಿಲ್ಲ. 1784ರ ಮಾರ್ಚ್‌ನಲ್ಲಿ ಮಂಗಳೂರಿನಲ್ಲಿ ಸರಿಸಮಾನರಾಗಿ ಒಪ್ಪಂದ ಮಾಡಿಕೊಂಡರು. 1788ರಲ್ಲಿ ಅವರ ಮೂವರು ದೂತರು ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡರು. ಆಗ ಪ್ಯಾರಿಸ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು ಥಾಮಸ್ ಜೆಫರ್ಸನ್. ಫ್ರಾನ್ಸಿನಿಂದ ಕುಶಲಕರ್ಮಿಗಳು ಬಂದರು, ಕೇಳಿದ ಸೈನ್ಯ ಬರಲಿಲ್ಲ.

ಬಂದವನು ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನರ ಎದುರು ಶರಣಾದ ಸೇನೆ ಇವನದೇ. ಹತ್ತು ವರ್ಷಗಳ ನಂತರ, 1791ರ ಮಾರ್ಚ್‌ನಲ್ಲಿ ಅವನು ಕೋಲಾರ, ಹೊಸಕೋಟೆಗಳ ಮೂಲಕ ಬೆಂಗಳೂರಿಗೆ ನುಗ್ಗಿದ. 7ರಂದು ಪೇಟೆ, 21ರ ರಾತ್ರಿ ಕೋಟೆ ಅವನ ವಶವಾಯಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟರು. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕೈಯಲ್ಲಿ ಕತ್ತಿ ಹಿಡಿದೇ ಟಿಪ್ಪು ಹುತಾತ್ಮರಾದರು. ಅರಮನೆಯ ಚಿನ್ನ, ವಜ್ರಗಳ ಜೊತೆ ಪುಸ್ತಕಗಳೂ ಗೆದ್ದವರ ಪಾಲಾದವು. ಕುರ್‌ಆನ್, ಹದೀಸ್, ತಸವ್ವುಫ್, ಕಾವ್ಯ, ಇತಿಹಾಸ, ಗಣಿತ, ವೈದ್ಯ, ಎಲ್ಲ ವಿಷಯಗಳ ಗ್ರಂಥಗಳೂ ಅಲ್ಲಿದ್ದವು. ಅನೇಕ ಗ್ರಂಥಗಳಿಗೆ ಶ್ರೀರಂಗಪಟ್ಟಣದಲ್ಲೇ ಹೊಸ ಚರ್ಮದ ರಟ್ಟು ಹಾಕಿಸಿ, ಸರ್ಕಾರೆ ಖುದಾದಾದ್ ಎಂಬ ರಾಜ್ಯದ ಹೆಸರನ್ನು ಒತ್ತಿಸಲಾಗಿತ್ತು. ಮಲಗುವ ಕೋಣೆಯಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಅದರಲ್ಲಿ ಟಿಪ್ಪು ತಮ್ಮ 37 ಕನಸುಗಳನ್ನು ಸ್ವಂತ ಕೈಯಿಂದ ಫಾರಸಿಯಲ್ಲಿ ಬರೆದಿಟ್ಟಿದ್ದರು. ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಉಳಿದ ಗ್ರಂಥಗಳಲ್ಲಿ ಹಲವು ಅಲ್ಲಿಯೇ ಇವೆ, ಕೆಲವು ಕೋಲ್ಕತ್ತದಲ್ಲಿವೆ.

ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ ಈ ಸಂಗ್ರಹದ ಪಟ್ಟಿಯನ್ನು 1809ರಲ್ಲಿ ಅಚ್ಚು ಹಾಕಿಸಿದರು. ಅದೇ 1809ರಲ್ಲಿ ಶ್ರೀರಂಗಪಟ್ಟಣದ ಬ್ರಿಟಿಷ್ ಪಡೆ ಜ್ವರಬಾಧೆ ತಾಳಲಾರದೆ ಬೆಂಗಳೂರಿಗೆ ಬಂದು ಹಲಸೂರಿನ ಸುತ್ತ ಬೀಡುಬಿಟ್ಟಿತು. ನಾವು ದಿನವೂ ಓಡಾಡುವ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ.

ಟಿಪ್ಪುವಿನ ರಾಕೆಟ್‌ಗಳನ್ನೂ ಇಂಗ್ಲಿಷರು ಕೊಂಡೊಯ್ದರು. ಅವನ್ನು ನೋಡಿ ಕಾಂಗ್ರೀವ್ ಹೊಸ ರಾಕೆಟ್ ತಯಾರಿಸಿದ. 1814ರಲ್ಲಿ ಅವು ಅಮೆರಿಕದ ಬಾಲ್ಟಿಮೋರ್ ಮೇಲೆ ಬಿದ್ದವು. ಆ ದೇಶದ ರಾಷ್ಟ್ರಗೀತೆಯಲ್ಲೂ ರಾಕೆಟ್‌ಗಳ ಪ್ರಸ್ತಾಪ ಬಂತು. ಅದೇ ವರ್ಷ ಬ್ರಿಟಿಷರು ವಾಷಿಂಗ್ಟನ್ನಿನಲ್ಲಿ ಅಮೆರಿಕ ಸಂಸತ್ತಿನ ಗ್ರಂಥಾಲಯವನ್ನು ಸುಟ್ಟರು. ಮರುವರ್ಷ ಜೆಫರ್ಸನ್ ತಮ್ಮ ಆರು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ದೇಶಕ್ಕೆ ಮಾರಿ ಆ ಗ್ರಂಥಾಲಯವನ್ನು ಮತ್ತೆ ಕಟ್ಟಲು ನೆರವಾದರು. ಜೆಫರ್ಸನ್ನರ ಪುಸ್ತಕಗಳು ಅವರ ಜನರ ನಡುವೆಯೇ ಉಳಿದವು. ಟಿಪ್ಪುವಿನ ಪುಸ್ತಕಗಳಿಗೆ ಆ ಭಾಗ್ಯವಿರಲಿಲ್ಲ.

ಹೀಗಾಗಿ ಬಹಳ ಕಾಲ ಟಿಪ್ಪುವಿನ ಕಥೆಯನ್ನು ಅವರ ಕಾಗದಪತ್ರಗಳನ್ನು ಒಯ್ದವರೇ ಬರೆದರು. 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. ಮರಾಠಾ ಸವಾರರು ಮಠವನ್ನು ಲೂಟಿ ಮಾಡಿದಾಗ ಸುಲ್ತಾನರು ಸ್ವಾಮಿಗಳಿಗೆ ಗೌರವದಿಂದ ಬರೆದು ನೆರವು ನೀಡಿದ್ದು ಅವುಗಳಿಂದ ಗೊತ್ತಾಯಿತು. ಕೊಡಗು, ಮಲಬಾರಿನ ಜನರ ನೆನಪು ಬೇರೆ. ಅಲ್ಲಿ ಅವರ ದಂಡಯಾತ್ರೆಗಳ ನೋವು ಇಂದಿಗೂ ಉಳಿದಿದೆ. ಅದನ್ನೂ ನಾವು ಮುಚ್ಚಿಡಬಾರದು.

ವಿದ್ಯಾರ್ಥಿ ಮಿತ್ರರೇ, ಟಿಪ್ಪು ಒಳ್ಳೆಯವರೇ, ಕೆಟ್ಟವರೇ ಎಂಬ ಜಗಳ ನಮ್ಮ ಮೊಬೈಲುಗಳಲ್ಲಿ ಪ್ರತಿ ನವೆಂಬರ್‌ನಲ್ಲೂ ನಡೆಯುತ್ತದೆ. ಹಾಗೆ ಜಗಳವಾಡುವವರಲ್ಲಿ ಅವರ ಒಂದು ಪತ್ರವನ್ನಾದರೂ ಓದಿದವರು ಎಷ್ಟು ಮಂದಿ? ಓದು ಬಾರದ ತಂದೆ ಮಗನಿಗೆ ಓದಿಸಿದರು. ಮಗ ಯುದ್ಧಗಳ ನಡುವೆಯೂ ಪುಸ್ತಕ ಕೂಡಿಟ್ಟರು. ನಾವು ಕನ್ನಡ, ಉರ್ದು, ಇಂಗ್ಲಿಷ್ ಬಲ್ಲವರು. ಇನ್ನೊಂದಿಷ್ಟು ಫಾರಸಿ ಕಲಿತು ಆ ಹಸ್ತಪ್ರತಿಗಳನ್ನು ಓದುವವರು ನಮ್ಮ ಕಾಲೇಜಿನಿಂದಲೇ ಏಕೆ ಬರಬಾರದು?